ಎಂವಿಎ ಮಾಡಲಾ, ಕಲಾ ಇತಿಹಾಸ ಓದಲಾ? ತದಡಿಯಿಂದ ಒಂದು ಪ್ರಶ್ನೆ

ಹುರ್ಮುಂಜಿ (ತದಡಿ)

ಎಲ್ಲರಿಗೂ ನಮಸ್ಕಾರ. ಬಿವಿಎ (ದೃಶ್ಯಕಲೆಯ ಪದವಿ) ಪೇಂಟಿಂಗ್ ಮುಗಿಸಿ ಮನೆಗೆ ಬಂದಿದ್ದೇನೆ. ಓದಿದ್ದು ಧಾರವಾಡದಲ್ಲಿ. ವಯಸ್ಸು 23. ಮುಂದೆ ಓದಬೇಕು ಅನ್ನೋದು ಗಟ್ಟಿಯಾಗಿದೆ. ಏನು ಓದಬೇಕು ಅನ್ನೋದು ಮಾತ್ರ ಇನ್ನೂ ತೂಗಾಡ್ತಾ ಇದೆ.

ಒಂದು ದಾರಿ ಸ್ಟುಡಿಯೋದ್ದು. ಎಂವಿಎ ಅಥವಾ ಎಂಎಫ್‌ಎ, ಅಂದರೆ ಕೈಯಲ್ಲಿ ಕೆಲಸ ಮಾಡಿ ಕಲಿಯುವ ಸ್ನಾತಕೋತ್ತರ ಪದವಿ. ಪೇಂಟಿಂಗ್ ಆದರೂ ಸರಿ, ಪ್ರಿಂಟ್‌ಮೇಕಿಂಗ್ (ಅಚ್ಚು ಮಾಡಿ ಚಿತ್ರ ಒತ್ತೋದು) ಆದರೂ ಸರಿ. ಇನ್ನೊಂದು ದಾರಿ ಕಲಾ ಇತಿಹಾಸ. ಕೊನೆಯ ವರ್ಷ ನಮಗೆ ಒಂದು ಸಣ್ಣ ಪ್ರಬಂಧ ಬರೆಯೋದಿತ್ತು. ನಾನು ಕಾವಿ ಕಲೆ ತಗೊಂಡೆ, ನಮ್ಮ ಕಡೆಯ ಗುಡಿ ಗೋಡೆಗಳ ಮೇಲಿನ ಕೆಂಪು ಬಿಳಿ ಚಿತ್ರ. ಕುಮಟಾ, ಅಂಕೋಲಾ ಕಡೆಯ ದೇವಸ್ಥಾನಗಳನ್ನು ಸುತ್ತಿದೆ. ಶಿರಸಿ ಮಾರಿಕಾಂಬಾ ಗುಡಿಯ ಗೋಡೆಗಳನ್ನು ನೋಡಿ ಬಂದೆ. ಬರೆಯಲಿಕ್ಕೆ ಕೂತರೆ ರಾತ್ರಿ ಆದದ್ದು ಗೊತ್ತಾಗ್ತಿರಲಿಲ್ಲ. ಕ್ಯಾನ್ವಾಸ್ ಮುಂದೆ ಈಚೆಗೆ ಹಾಗಾಗಿಲ್ಲ. ಹಾಗಂತ ಬಣ್ಣ ಬಿಟ್ಟು ಬರೀ ಪುಸ್ತಕ ಹಿಡಿದು ಕೂರೋದನ್ನು ನೆನೆಸಿಕೊಂಡರೂ ಭಯ.

ನಮ್ಮ ಮೇಷ್ಟ್ರೊಬ್ಬರು ಹೇಳಿದ್ದು: "ಕೈ ಚೆನ್ನಾಗಿದೆ, ಇತಿಹಾಸ ಯಾಕೆ? ಅದು ಚಿತ್ರ ಬರದವರಿಗೆ." ಮನೆಯಲ್ಲಿ ಕೇಳೋದು ಒಂದೇ, ನೌಕರಿ ಆಗ್ತದಾ. ಅಪ್ಪ ಮೊದಲು ಕುಮಟಾದಲ್ಲಿ ಅಂಗಡಿ ಬೋರ್ಡ್ ಬರೆಯುತ್ತಿದ್ದರು. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ಹೋಯ್ತು. ಈಗ ಇಲ್ಲೇ ಬಂದರಿನಲ್ಲಿ ಬೋಟ್‌ಗಳಿಗೆ ಬಣ್ಣ ಹೊಡೆದು ಹೆಸರು ಬರೆದು ಕೊಡುತ್ತಾರೆ. ರಜೆಯಲ್ಲಿ ನಾನೂ ಬ್ರಶ್ ಹಿಡಿದು ಹೋಗುತ್ತೇನೆ. ದುಡ್ಡಿನ ಸ್ಥಿತಿ ತಿಳಿಯಲಿ ಅಂತ ಇದನ್ನು ಬರೆದೆ, ಅಷ್ಟೇ.

ಕೇಳಬೇಕಾಗಿದ್ದು ಇಷ್ಟು. ಎರಡರಲ್ಲಿ ಯಾವುದು? ಎಲ್ಲಿ? ಪೋರ್ಟ್‌ಫೋಲಿಯೋದಲ್ಲಿ ಏನಿರಬೇಕು? ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಅದಕ್ಕೇ ಸೀಟು ಹೋಗುತ್ತದಾ?

ಅಡಿಕೆ ಸಿಪ್ಪೆ (ಶಿರಸಿ)

ತಂಗಿ, ಮೊದಲು ನೌಕರಿ ಮಾತು ಮುಗಿಸೋಣ. ನನ್ನ ತಮ್ಮ ಎಂವಿಎ ಮಾಡಿದವ. ಈಗ ಅತಿಥಿ ಉಪನ್ಯಾಸಕ. ಸಂಬಳ ಯಾವ ತಿಂಗಳು ಬರ್ತದೆ ಅಂತ ಅವನಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಮದುವೆ ಮಾತಿಗೆ ಹೋದಲ್ಲೆಲ್ಲ "ಡ್ರಾಯಿಂಗ್ ಮಾಸ್ತರಾ?" ಅಂತ ಕೇಳಿ ಚಹಾ ಕೊಟ್ಟು ಕಳಿಸುತ್ತಾರೆ.

ಕಾಲೇಜಿನಲ್ಲಿ ಪಕ್ಕಾ ಕೆಲಸ ಬೇಕಾದರೆ ಮಾಸ್ಟರ್ಸ್‌ನಲ್ಲಿ 55 ಪರ್ಸೆಂಟ್ ಬೇಕು, ಮೇಲೆ ನೆಟ್ (ಉಪನ್ಯಾಸಕರ ಅರ್ಹತಾ ಪರೀಕ್ಷೆ) ಆಗಬೇಕು. ನೆಟ್‌ನಲ್ಲಿ ವಿಷುವಲ್ ಆರ್ಟ್ ಅಂತ ಒಂದೇ ವಿಷಯ. ಪೇಂಟಿಂಗ್‌ನವರು, ಶಿಲ್ಪದವರು, ಕಲಾ ಇತಿಹಾಸದವರು ಎಲ್ಲ ಅದನ್ನೇ ಬರೆಯೋದು. ಅಂದರೆ ನೀವು ಯಾವ ದಾರಿ ಹಿಡಿದರೂ ಆ ಬಾಗಿಲು ಮುಚ್ಚುವುದಿಲ್ಲ. ಅದೇ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನಾ ವೇತನ) ಬಂದರೆ ತಿಂಗಳಿಗೆ 37,000 ರೂಪಾಯಿ, 2023ರಿಂದ ಆ ದರ. ಮೊದಲ ವರ್ಷದಿಂದಲೇ ಅದಕ್ಕೆ ಓದಿ. ನನ್ನ ತಮ್ಮ ಇದೊಂದನ್ನು ನಾಳೆ ನಾಳೆ ಅಂತ ದೂಡಿದ.

ಯಾವುದು ಅಂತ ಹೇಳುವಷ್ಟು ನನಗೆ ಗೊತ್ತಿಲ್ಲ. ತೋಟದವ ನಾನು.

ಮಸಿಗೈ (ಕಾರವಾರ)

ಇದಕ್ಕೆ ಉದ್ದ ಉತ್ತರ ಬೇಕು. ಮಳೆ ಹಿಡಿದು ಕೂತಿದೆ, ಕೋಡಿಬಾಗದಲ್ಲಿ ಬೆಳಿಗ್ಗೆಯಿಂದ ಕರೆಂಟಿಲ್ಲ, ಫೋನ್‌ನಲ್ಲಿ ಬ್ಯಾಟರಿ ಇರುವಷ್ಟು ಬರೆಯುತ್ತೇನೆ.

ನಾನು ಗುಜರಾತಿನ ಬರೋಡಾದಲ್ಲಿ (ಈಗಿನ ವಡೋದರ) ಪ್ರಿಂಟ್‌ಮೇಕಿಂಗ್ ಓದಿದವಳು. ಆಮೇಲೆ ಪಾಠ ಮಾಡಿದೆ, ಪ್ರವೇಶದ ಸಂದರ್ಶನಗಳಲ್ಲಿ ಮೇಜಿನ ಆ ಕಡೆಯೂ ಕೂತೆ. ಈಗ ಮನೆಯಲ್ಲಿ ಒಂದು ಸಣ್ಣ ಪ್ರೆಸ್ ಇಟ್ಟುಕೊಂಡು ನನ್ನ ಪಾಡಿಗೆ ಇದ್ದೇನೆ.

ಮೊದಲು ನಿಮ್ಮ ಮೇಷ್ಟ್ರ ಮಾತು. "ಇತಿಹಾಸ ಚಿತ್ರ ಬರದವರಿಗೆ" ಅನ್ನುವವರು ಬರೋಡಾದ ಕಡೆ ಒಮ್ಮೆ ನೋಡಲಿ. ಅಲ್ಲಿನ ಫೈನ್ ಆರ್ಟ್ಸ್ ಫ್ಯಾಕಲ್ಟಿ ಶುರುವಾಗಿದ್ದು 1950ರಲ್ಲಿ. ಹೆಸರಾಂತ ಚಿತ್ರಕಾರ ಗುಲಾಂ ಮೊಹಮ್ಮದ್ ಶೇಖ್ ಅಲ್ಲಿ ವರ್ಷಗಟ್ಟಲೆ ಕಲಾ ಇತಿಹಾಸವನ್ನೇ ಪಾಠ ಮಾಡಿದರು. ಪೇಂಟಿಂಗ್ ಪ್ರೊಫೆಸರ್ ಆಗಿದ್ದು ಆಮೇಲೆ. ಗುಜರಾತಿಯಲ್ಲಿ ಕವಿತೆ ಬೇರೆ ಬರೆಯುತ್ತಾರೆ. ಇನ್ನೊಬ್ಬ ಚಿತ್ರಕಾರ ಭೂಪೇನ್ ಖಖ್ಖರ್ ಚಾರ್ಟರ್ಡ್ ಅಕೌಂಟೆಂಟ್ ಆಗಿದ್ದವರು. ಬರೋಡಾಕ್ಕೆ ಬಂದು ಸೇರಿದ್ದು ಕಲಾ ವಿಮರ್ಶೆಯ ಕೋರ್ಸಿಗೆ. ಕೆ.ಜಿ. ಸುಬ್ರಮಣ್ಯನ್ ಚಿತ್ರ ಬಿಡಿಸಿದಷ್ಟೇ ಬರೆದರು. ಈ ಮೂವರಿಗೂ ಚಿತ್ರ ಬರುತ್ತಿರಲಿಲ್ಲ ಅಂತ ಯಾರಾದರೂ ಹೇಳಲಿ ನೋಡೋಣ.

ಹಾಗಾಗಿ ಕೈಯಾ ತಲೆಯಾ ಅನ್ನೋ ಲೆಕ್ಕ ಬಿಡಿ. ಬೇರೆ ಲೆಕ್ಕ ಹಾಕಿ. ಮನೆಯಲ್ಲಿ ಕೂತು ಯಾವುದು ಆಗುವುದಿಲ್ಲವೋ ಅದನ್ನು ಕಲಿಯಲಿಕ್ಕೆ ಕಾಲೇಜಿಗೆ ಹೋಗಬೇಕು.

ಕ್ಯಾನ್ವಾಸ್ ಮೇಲೆ ಬಣ್ಣ ಹಚ್ಚೋದು ತದಡಿಯಲ್ಲೂ ಆಗುತ್ತದೆ. ಪ್ರಿಂಟ್ ಒತ್ತಲಿಕ್ಕೆ ಬೇಕಾದ ಎಚಿಂಗ್ ಪ್ರೆಸ್, ಆಸಿಡ್ ರೂಮು, ಲಿಥೋ ಕಲ್ಲು ತದಡಿಯಲ್ಲಿ ಸಿಗುವುದಿಲ್ಲ. ಸ್ಟುಡಿಯೋ ಮಾಸ್ಟರ್ಸ್ ಕೊಡುವುದು ಮುಖ್ಯವಾಗಿ ಇಂಥವು: ಎರಡು ವರ್ಷದ ಜಾಗ, ಯಂತ್ರ, ಪಕ್ಕದ ಟೇಬಲ್‌ನಲ್ಲಿ ನಿಮಗಿಂತ ಗಟ್ಟಿ ಕೆಲಸ ಮಾಡುವ ಒಬ್ಬರು, ವಾರಕ್ಕೊಮ್ಮೆ ನಿಮ್ಮ ಕೆಲಸದ ಮುಂದೆ ನಿಂತು ಮುಖ ನೋಡದೆ ಮಾತಾಡುವ ಹತ್ತು ಜನ. ಕ್ರಿಟ್ ಅನ್ನೋ ಆ ವಿಮರ್ಶೆ ಮೊದಮೊದಲು ಅಳಿಸುತ್ತದೆ. ನನ್ನ ಮೊದಲ ಕ್ರಿಟ್‌ನಲ್ಲಿ ಒಬ್ಬರು ಕೇಳಿದ್ದು, "ಇದು ಚೆನ್ನಾಗಿದೆ, ಆದರೆ ಯಾಕಿದೆ?" ಉತ್ತರ ಹೊಳೆಯಲಿಕ್ಕೆ ಒಂದು ಇಡೀ ಸೆಮಿಸ್ಟರ್ ಹಿಡಿಯಿತು. ಯಾರೂ ತಂತ್ರ ಹೇಳಿಕೊಡುವುದಿಲ್ಲ ಅಂತ ಗೊಣಗುವ ಮಕ್ಕಳು ಇರುತ್ತಾರೆ. ತಂತ್ರವನ್ನು ಬಿವಿಎಯಲ್ಲೇ ಕಲಿತು ಬಂದಿದ್ದೀರಿ ಅಂತ ಅಲ್ಲಿಯವರು ತಿಳಿದುಕೊಂಡಿರುತ್ತಾರೆ.

ಕಲಾ ಇತಿಹಾಸದ ಕ್ಲಾಸ್ ಬೇರೆ ಥರ. ಒಂದೇ ಶಿಲ್ಪದ ಫೋಟೋ ಇಟ್ಟುಕೊಂಡು ಒಂದು ಗಂಟೆ ಮಾತು. ಯಾರು ಮಾಡಿದರು, ಯಾರು ದುಡ್ಡು ಕೊಟ್ಟರು, ಯಾವ ಕಲ್ಲು, ಇದೇ ಭಂಗಿ ಇನ್ನೆಲ್ಲಿದೆ, ಮೂಗು ಆಮೇಲೆ ಯಾರಾದರೂ ತಿದ್ದಿದ್ದಾರಾ. ಓದು ಜಾಸ್ತಿ, ಬರೆಯೋದು ಇನ್ನೂ ಜಾಸ್ತಿ. ಲೈಬ್ರರಿ, ಫೋಟೋ ಸಂಗ್ರಹ, ಮ್ಯೂಸಿಯಂ ಹತ್ತಿರ ಇರಬೇಕು. ಭಾಷೆಗಳು ಬೇಕು. ನಿಮಗೆ ಕನ್ನಡ, ಕೊಂಕಣಿ ಬರುತ್ತವೆ ಅಂತ ಇಟ್ಟುಕೊಳ್ಳುತ್ತೇನೆ. ಕಾವಿ ಮೇಲೆ ಕೆಲಸ ಮಾಡಲಿಕ್ಕೆ ದಿಲ್ಲಿಯವರು ಬಂದರೆ ಅವರು ಮೊದಲು ಕಲಿಯಬೇಕಾದದ್ದು ಅದನ್ನೇ.

ಈಗ ಕಾವಿ. ಹೊನ್ನಾವರದವರೇ ಆದ ಕೃಷ್ಣಾನಂದ ಕಾಮತ್ ಹಳ್ಳಿ ಹಳ್ಳಿ ತಿರುಗಿ ಇದನ್ನು ದಾಖಲೆ ಮಾಡಿದ್ದಾರೆ, ಓದಿಯೇ ಇರುತ್ತೀರಿ. ಚಿಪ್ಪಿ ಸುಣ್ಣದ ಬಿಳಿ ಗಾರೆ, ಮೇಲೆ ಹುರ್ಮುಂಜಿ ಮಣ್ಣಿನ ಕೆಂಪು, ಹಸಿ ಇರುವಾಗಲೇ ಕಂಟದಿಂದ (ಚೂಪು ಕಡ್ಡಿ) ಕೆರೆದರೆ ಒಳಗಿನ ಬಿಳಿ ಹೊರಗೆ. ನಿಮ್ಮ ಹೆಸರೇ ಅದು ಅಲ್ವಾ. ಆದರೆ "ನಶಿಸುತ್ತಿರುವ ಕಾವಿ ಕಲೆ" ಅಂತ ಅರ್ಜಿ ಬರೆಯಬೇಡಿ, ಮಾರಾಯ್ತಿ. ನಶಿಸುತ್ತಿದೆ ಅನ್ನೋದು ಸುದ್ದಿ, ಪ್ರಶ್ನೆ ಅಲ್ಲ. ಪ್ರಶ್ನೆ ಹೀಗಿರಬೇಕು. ಗೋವಾ, ಸಿಂಧುದುರ್ಗ, ನಮ್ಮ ಕರಾವಳಿ, ಮೂರೂ ಕಡೆ ಇದೇ ಕೆಲಸ ಇದೆ. ಪೋರ್ಚುಗೀಸರ ಕಾಲದಲ್ಲಿ ಗೋವಾ ಬಿಟ್ಟು ದಕ್ಷಿಣಕ್ಕೆ ಬಂದ ಕುಟುಂಬಗಳ ದಾರಿಯನ್ನೇ ಈ ಗೋಡೆಗಳೂ ಹಿಡಿದಿವೆಯಾ? ಗೋಡೆ ಕೆರೆದ ಕೈ ಯಾರದು, ಅವರಿಗೆ ಕೂಲಿ ಯಾವ ಲೆಕ್ಕದಲ್ಲಿ ಬಿತ್ತು? ದೇವಸ್ಥಾನದ ಹಳೆಯ ಲೆಕ್ಕಪತ್ರದಲ್ಲಿ ಸುಣ್ಣಕ್ಕೆ, ಗಾರೆಗೆ ಹಾಕುವ ಬೆಲ್ಲಕ್ಕೆ ಖರ್ಚು ಬರೆದಿದ್ದಾರಾ? ಇದನ್ನು ಹುಡುಕಲಿಕ್ಕೆ ಪಣಜಿಯ ಪುರಾಭಿಲೇಖ (ಹಳೆ ದಾಖಲೆಗಳ ಸಂಗ್ರಹ), ಪರ್ವರಿಯ ಝೇವಿಯರ್ ಇತಿಹಾಸ ಸಂಶೋಧನಾ ಕೇಂದ್ರ, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ ಇವೆ. ಎಲ್ಲಕ್ಕೂ ನಮಗೆ ರೈಲೋ ಬಸ್ಸೋ ಇದೆ. ಇಂಥ ಒಂದು ಪ್ರಶ್ನೆ ನಿಮ್ಮನ್ನು ಕಾಡುತ್ತಾ ಇದ್ದರೆ ನೀವು ಇತಿಹಾಸಕ್ಕೆ ಹೋಗಿ.

ಅದರ ಬದಲು, ಕೆರೆದು ಬಿಳಿ ತೆಗೆಯುವ ಆ ಕ್ರಮವೇ ನಿಮ್ಮನ್ನು ಹಿಡಿದಿದ್ದರೆ ಪ್ರಿಂಟ್‌ಮೇಕಿಂಗ್. ಲೈನೋ ಹಾಳೆ, ಮರದ ಹಲಗೆ ಕೆತ್ತಿ ಪ್ರಿಂಟ್ ಮಾಡುವವರೂ ಅದೇ ಥರ ಯೋಚಿಸೋದು. ಬೇಕಾದ್ದನ್ನು ಹಚ್ಚೋದಲ್ಲ, ಬೇಡದ್ದನ್ನು ತೆಗೆಯೋದು. ಪೇಂಟಿಂಗ್‌ನಲ್ಲಿ ತಲೆ ಹೀಗೆ ಓಡುವುದು ಕಡಿಮೆ. ಕ್ಯಾನ್ವಾಸ್ ಮುಂದೆ ಈಚೆಗೆ ಏನೂ ಆಗುತ್ತಿಲ್ಲ ಅಂದಿರಲ್ಲ, ನನಗೆ ಅನುಮಾನ ಬಂದಿದ್ದು ಅಲ್ಲೇ. ಹಚ್ಚುವ ಕೆಲಸ ಸಾಕಾಗಿರಬಹುದು.

ಎಲ್ಲಿ ಅನ್ನೋದಕ್ಕೆ ಬೇಗ ಹೇಳುತ್ತೇನೆ. ಬರೋಡಾ, ಶಾಂತಿನಿಕೇತನದ ಕಲಾಭವನ, ಹೈದರಾಬಾದ್ ವಿಶ್ವವಿದ್ಯಾಲಯ, ಬೆಂಗಳೂರಿನ ಚಿತ್ರಕಲಾ ಪರಿಷತ್ತು. ಈ ನಾಲ್ಕೂ ಕಡೆ ಸ್ಟುಡಿಯೋ ಮತ್ತು ಕಲಾ ಇತಿಹಾಸ ಒಂದೇ ಕಾಂಪೌಂಡಿನಲ್ಲಿವೆ. ನಿಮ್ಮಂಥವರಿಗೆ ಅದೇ ಮುಖ್ಯ. ಒಂದಕ್ಕೆ ಸೇರಿ ಇನ್ನೊಂದರ ಕ್ಲಾಸಿನಲ್ಲಿ ಹಿಂದೆ ಕೂರಬಹುದು. ದಿಲ್ಲಿಯ ಜೆಎನ್‌ಯುದಲ್ಲಿ ಆರ್ಟ್ಸ್ ಅಂಡ್ ಏಸ್ಥೆಟಿಕ್ಸ್ ಎಂಎ ಇದೆ, ಸಿಯುಇಟಿ ಪಿಜಿ ಪ್ರವೇಶ ಪರೀಕ್ಷೆ ಬರೆಯಬೇಕು, ಅಲ್ಲಿ ಸ್ಟುಡಿಯೋ ಇಲ್ಲ. ನ್ಯಾಷನಲ್ ಮ್ಯೂಸಿಯಂನದ್ದೊಂದು ಸಂಸ್ಥೆ ಇತ್ತು. ಈಗ ಅದು ನೋಯ್ಡಾದಲ್ಲಿ, ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್ ಅನ್ನೋ ಹೆಸರಿನಲ್ಲಿದೆ. ಕಲಾ ಇತಿಹಾಸ, ಕನ್ಸರ್ವೇಶನ್, ಮ್ಯೂಸಿಯಾಲಜಿ ಅಲ್ಲಿದೆ. ಗೋಡೆ ಉಳಿಸುವ ಕೆಲಸವೇ ಇಷ್ಟವಾದರೆ ಕನ್ಸರ್ವೇಶನ್ ನೋಡಿ. ಮನೆಗೆ ಹತ್ತಿರ ಬೇಕು ಅಂದರೆ ಬೆಂಗಳೂರು. ನನ್ನನ್ನು ಕೇಳಿದರೆ ಸ್ವಲ್ಪ ದೂರ ಹೋಗಿ. ಕಾರವಾರದಿಂದ ವಡೋದರಕ್ಕೆ ನೇರ ರೈಲಿದೆ.

ಶಾಂತಿನಿಕೇತನದ ಬಗ್ಗೆ ಒಂದು ಮಾತು, ವಿಷಯದಿಂದ ಸ್ವಲ್ಪ ಆಚೆ. ನಮ್ಮೂರಿನವರು ಟಾಗೋರರ ಹೆಸರನ್ನು ಬೀಚಿಗೆ ಇಟ್ಟಿದ್ದೇವೆ. ಅವರ ಅಣ್ಣ ಇಲ್ಲಿ ಜಡ್ಜ್ ಆಗಿದ್ದಾಗ ಬಂದು ಉಳಿದರು, ಇಲ್ಲೇ ನಾಟಕ ಬರೆದರು ಅಂತ ಪ್ರತಿ ಭಾಷಣದಲ್ಲೂ ಹೇಳುತ್ತೇವೆ. ಆದರೆ ಅವರು ಶಾಂತಿನಿಕೇತನದಲ್ಲಿ ಶುರು ಮಾಡಿದ ಕಲಾಭವನಕ್ಕೆ ಈ ಜಿಲ್ಲೆಯಿಂದ ಅರ್ಜಿ ಹಾಕಿದ ಮಕ್ಕಳನ್ನು ನಾನು ನೋಡಿದ್ದು ತೀರಾ ಕಡಿಮೆ. 1919ರಿಂದ ನಡೆಯುತ್ತಿದೆ ಆ ಜಾಗ. ಡಿಸೆಂಬರ್ 1 ಮತ್ತು 2ಕ್ಕೆ ಅಲ್ಲಿ ನಂದನ ಮೇಳ ಆಗುತ್ತದೆ. ಮಕ್ಕಳು, ಮೇಷ್ಟ್ರು ಸೇರಿ ಕೆಲಸ ಮಾಡಿ ಮಾರುತ್ತಾರೆ, ದುಡ್ಡು ಕಷ್ಟದಲ್ಲಿರುವ ವಿದ್ಯಾರ್ಥಿಗಳ ನಿಧಿಗೆ. ಅರ್ಜಿ ಹಾಕುವ ಮುಂಚೆ ಆಗ ಒಮ್ಮೆ ಹೋಗಿ ನೋಡಿ. ಗೋಡೆ ಇಷ್ಟಪಡುವವರು ಹಿಂದಿ ಭವನದಲ್ಲಿ ಬಿನೋದ್ ಬಿಹಾರಿ ಮುಖರ್ಜಿ 1947ರ ಹೊತ್ತಿಗೆ ಮುಗಿಸಿದ ಸಂತರ ಭಿತ್ತಿಚಿತ್ರ ನೋಡದೆ ಇರಬಾರದು. ಮೇಲೆ ಗೋಡೆಯುದ್ದಕ್ಕೂ ಜನ, ನದಿ ಹರಿದ ಹಾಗೆ.

ಬ್ಯಾಟರಿ ಕೆಂಪಾಯ್ತು. ಪೋರ್ಟ್‌ಫೋಲಿಯೋ ಆಮೇಲೆ.

ಶರಾವತಿ ಆಚೆ (ಹೊನ್ನಾವರ, ಈಗ ಅಮೆರಿಕ)

ಮಸಿಗೈ ಅವರು ದೇಶದೊಳಗಿನದ್ದು ಹೇಳಿದರು, ನಾನು ಹೊರಗಿನದ್ದು ಸ್ವಲ್ಪ ಸೇರಿಸುತ್ತೇನೆ.

ಅಮೆರಿಕದಲ್ಲಿ ಸ್ಟುಡಿಯೋಗೆ ಎಂಎಫ್‌ಎಯೇ ಕೊನೆಯ ಪದವಿ ಅಂತ ಲೆಕ್ಕ. ಕಾಲೇಜಿನಲ್ಲಿ ಕಲಿಸಲಿಕ್ಕೆ ಅಷ್ಟು ಸಾಕು, ಪಿಎಚ್‌ಡಿ ಕೇಳುವುದಿಲ್ಲ. ಎರಡು ವರ್ಷ, ಕೆಲವು ಕಡೆ ಮೂರು. ಕಲಾ ಇತಿಹಾಸದಲ್ಲಿ ಹಾಗಲ್ಲ, ಅಲ್ಲಿ ಪಿಎಚ್‌ಡಿ ಬೇಕು. ದುಡ್ಡಿನ ವಿಷಯ ಉಲ್ಟಾ. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಕಲಾ ಇತಿಹಾಸದ ಪಿಎಚ್‌ಡಿಗೆ ಸೇರಿಸಿಕೊಂಡರೆ ಫೀಸ್ ಬಿಟ್ಟು ತಿಂಗಳ ಖರ್ಚಿಗೂ ಕೊಡುತ್ತಾರೆ. ಎಂಎಫ್‌ಎಗೆ ಕೆಲವರಷ್ಟೇ ಹಾಗೆ ಕೊಡೋದು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಟೀಚಿಂಗ್ ಅಸಿಸ್ಟೆಂಟ್ ಕೆಲಸ ಸಿಕ್ಕರೆ ಮಾತ್ರ ಗಿಟ್ಟುತ್ತದೆ. ಬೋಟ್ ಪೇಂಟ್ ಮಾಡುವ ಅಪ್ಪನ ಮೇಲೆ ಡಾಲರ್ ಸಾಲ ಹೊರಿಸಿ ಎಂಎಫ್‌ಎಗೆ ಬರಬೇಡಿ. ಇದನ್ನು ಸಿಹಿ ಹಚ್ಚಿ ಹೇಳಲಿಕ್ಕೆ ನನಗೆ ಬರುವುದಿಲ್ಲ.

ಬಿವಿಎ ನಾಲ್ಕು ವರ್ಷದ್ದು, ಅದು ನಿಮಗೆ ಅನುಕೂಲ. ಮೂರು ವರ್ಷದ ಬಿಎ ಮಾಡಿದವರನ್ನು ಕೆಲವು ಕಡೆ ಮೊದಲೇ ಬದಿಗಿಡುತ್ತಾರೆ. ನನ್ನ ಸಲಹೆ, ಭಾರತದಲ್ಲಿ ಮಾಸ್ಟರ್ಸ್ ಮುಗಿಸಿ, ಒಂದು ಗಟ್ಟಿ ಪ್ರಬಂಧ ಕೈಯಲ್ಲಿ ಇಟ್ಟುಕೊಂಡು ಆಮೇಲೆ ಹೊರಗೆ ನೋಡಿ.

ಬೇಂಡು ಬಾಸಿಂಗ (ಸಿದ್ದಾಪುರ)

ನಾನು ಗುಡಿಗಾರರ ಮನೆಯವ. ಅಜ್ಜ ಗಂಧದ ಕೆತ್ತನೆ ಮಾಡುತ್ತಿದ್ದರು, ಮನೆಯ ಹೆಂಗಸರು ಬೇಂಡಿನ (ಹಗುರ ಗಿಡದ ತಿರುಳು) ಬಾಸಿಂಗ ಕಟ್ಟುತ್ತಿದ್ದರು. ಯಾರ ಹತ್ತಿರವೂ ಮಾಸ್ಟರ್ಸ್ ಇರಲಿಲ್ಲ.

ನಮ್ಮನೆಗೂ ಸಂಶೋಧನೆ ಮಾಡುವವರು ಬಂದಿದ್ದರು. ಅಜ್ಜನ ಉಳಿಗಳ ಫೋಟೋ ತೆಗೆದರು, ಅಜ್ಜನಿಂದ ಮಾತು ರೆಕಾರ್ಡ್ ಮಾಡಿದರು, ಊಟ ಮಾಡಿ ಹೋದರು. ಪುಸ್ತಕ ಆಯಿತಂತೆ. ಒಂದು ಪ್ರತಿಯೂ ಬರಲಿಲ್ಲ. ದೀವರ ಮನೆಯ ಗೋಡೆಗೆ ಹಸೆ ಚಿತ್ತಾರ ಬರೆಯುವ ಹೆಂಗಸರನ್ನು ಕೇಳಿ, ಇದೇ ಕಥೆ ಹೇಳುತ್ತಾರೆ. ಪುಂಡಿ ನಾರಿನ ಬ್ರಶ್ಶು, ಕೆಮ್ಮಣ್ಣು, ಸುಟ್ಟ ಅಕ್ಕಿಯ ಕಪ್ಪು, ಎಲ್ಲ ಬರೆದುಕೊಂಡು ಹೋದವರಿಗೆ ಡಾಕ್ಟರೇಟು, ಚಿತ್ತಾರ ಬರೆದವಳಿಗೆ ಒಂದು ಶಾಲು.

ಓದಬೇಡಿ ಅಂತಲ್ಲ. ಯಾರ ಪರವಾಗಿ ಓದುತ್ತೀರಿ ಅಂತ ಮೊದಲೇ ಗೊತ್ತಿರಲಿ. ಆಮೇಲೆ ಮಸಿಗೈ ಮೇಡಂ, ಕೈಯಲ್ಲಿ ಮಾಡುವವರು ತಲೆಯಲ್ಲಿ ಯೋಚಿಸುತ್ತಾರೆ ಅಂತ ತೋರಿಸಲಿಕ್ಕೆ ಬರೋಡಾದ ಮೂವರೇ ಬೇಕಾ? ನಮ್ಮಜ್ಜ ಸಾಲದಾ?

ಮಸಿಗೈ (ಕಾರವಾರ)

ಬಾಸಿಂಗದವರೇ, ಸಾಕು, ಧಾರಾಳ ಸಾಕು. ಆದರೆ ಅಜ್ಜನ ಹೆಸರು ಹೇಳಿದರೆ ಆ ಮೇಷ್ಟ್ರು ಬಾಯಿ ಮುಚ್ಚುವುದಿಲ್ಲ. ಶೇಖ್ ಹೆಸರು ಹೇಳಿದರೆ ಮುಚ್ಚುತ್ತಾರೆ. ಅದಕ್ಕೆ ಹೇಳಿದ್ದು.

ಪ್ರತಿ ಕೊಡದೆ ಹೋದ ವಿಷಯ ಮಾತ್ರ ನೀವು ಹೇಳಿದ ಹಾಗೇ. ಹುರ್ಮುಂಜಿ, ಇದನ್ನು ಬರೆದಿಟ್ಟುಕೊಳ್ಳಿ. ಯಾರ ಗೋಡೆ ನೋಡುತ್ತೀರೋ ಅವರಿಗೆ ಫೋಟೋ ಪ್ರಿಂಟ್ ಹಾಕಿಸಿ ಕೊಡಬೇಕು. ಹೆಸರು ಕೇಳಿ ಬರೆಯಬೇಕು. "ಅನಾಮಿಕ ಕಲಾವಿದ" ಅಂತ ಹಾಕೋದು ಎಷ್ಟೋ ಸಲ ನಾವು ಕೇಳದೆ ಇದ್ದುದಕ್ಕೆ.

ಕರೆಂಟ್ ಬಂದಿದೆ, ಪೋರ್ಟ್‌ಫೋಲಿಯೋ ಕಥೆ ಹೇಳುತ್ತೇನೆ. ನಮ್ಮ ಜಿಲ್ಲೆಯ ಮಕ್ಕಳ ಫೈಲು ಬಿಚ್ಚಿದರೆ ಏನಿರುತ್ತದೆ ಅಂತ ಕಣ್ಣು ಮುಚ್ಚಿ ಹೇಳಬಲ್ಲೆ. ಯಕ್ಷಗಾನದ ಮುಖ, ಸೂರ್ಯಾಸ್ತ, ದಡದಲ್ಲಿ ವಾಲಿದ ದೋಣಿ. ಚೆಂದವಾಗಿಯೇ ಇರುತ್ತವೆ. ನೋಡುವವರಿಗೆ ಮಾತ್ರ ಇದನ್ನು ಬಿಡಿಸಿದವರು ಯಾರು ಅಂತ ಗೊತ್ತಾಗುವುದಿಲ್ಲ. ಹದಿನೈದು ಇಪ್ಪತ್ತು ಕೆಲಸ ಸಾಕು. ಅದರಲ್ಲಿ ಒಂದೇ ವಿಷಯದ ಹಿಂದೆ ಹೋದ ಸರಣಿ ಒಂದಾದರೂ ಇರಲಿ, ಎಡವಿದ್ದು, ತಿರುಗಿದ್ದು ಕಾಣಲಿ. ಸ್ಕೆಚ್‌ಬುಕ್ ತಪ್ಪದೆ ಒಯ್ಯಿರಿ. ಅದು ಗಲೀಜಾಗಿದ್ದಷ್ಟೂ ಒಳ್ಳೆಯದು, ಹೆಚ್ಚು ಹೊತ್ತು ತಿರುವಿ ನೋಡುವುದು ಅದನ್ನೇ. ಪ್ರತಿ ಕೆಲಸಕ್ಕೂ ಅಳತೆ, ಮಾಧ್ಯಮ, ವರ್ಷ ಬರೆಯಿರಿ. ಫೋಟೋಗಳನ್ನು ನೆರಳಿನ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಕ್ಯಾಮರಾ ನೇರ ಹಿಡಿದು ತೆಗೆಯಿರಿ. ಹಿಂದೆ ಅಡುಗೆ ಮನೆ ಕಾಣಬಾರದು.

ಈಗ ನಾನು ನಿನ್ನೆಯಿಂದ ತಲೆಯಲ್ಲಿ ಇಟ್ಟುಕೊಂಡಿರುವ ವಿಷಯ. ನಿಮ್ಮ ಪ್ರಶ್ನೆಯಲ್ಲಿ ಕಾವಿಗೆ ಒಂದು ಪ್ಯಾರಾ. ಅಪ್ಪನ ಬೋಟ್ ಕೆಲಸಕ್ಕೆ ಎರಡು ವಾಕ್ಯ, ಅದೂ ದುಡ್ಡಿನ ಲೆಕ್ಕಕ್ಕೆ. ಬೋಟಿನ ಮೇಲಿನ ಅಕ್ಷರವನ್ನು ನೀವೇ ಬರೆದಿದ್ದೀರಿ. ಬಾಗಿದ ಹಲಗೆ ಮೇಲೆ ಅಕ್ಷರ ನೇರ ಕಾಣುವ ಹಾಗೆ ಹೇಗೆ ಓರೆ ಮಾಡುತ್ತಾರೆ, ಕನ್ನಡದ ಒತ್ತಕ್ಷರಕ್ಕೆ ಕೆಳಗೆ ಎಷ್ಟು ಜಾಗ ಬಿಡುತ್ತಾರೆ, ಯಾವ ಬಣ್ಣದ ಮೇಲೆ ಯಾವ ಬಣ್ಣ ದೂರದಿಂದ ಕಾಣುತ್ತದೆ. ಇದು ನಿಮ್ಮ ಪೋರ್ಟ್‌ಫೋಲಿಯೋದಲ್ಲಿ ಇದೆಯಾ? ಇರಲಿಕ್ಕಿಲ್ಲ ಅಂತ ನನ್ನ ಊಹೆ.

ಬರೋಡಾದ ಜ್ಯೋತಿ ಭಟ್ ನೋಡಿ. ಪ್ರಿಂಟ್‌ಮೇಕರ್. 1967ರ ಹೊತ್ತಿಗೆ ಕ್ಯಾಮರಾ ಹಿಡಿದು ಹಳ್ಳಿಗಳ ಗೋಡೆ, ನೆಲ, ಅಲಂಕಾರಗಳ ಫೋಟೋ ತೆಗೆಯಲಿಕ್ಕೆ ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಅದೇ ಚಿತ್ತಾರಗಳು ಅವರ ಪ್ರಿಂಟ್‌ಗಳಲ್ಲೂ ಬಂದವು. ಅವರದ್ದು ಸ್ಟುಡಿಯೋನಾ, ಇತಿಹಾಸವಾ? ಏಷ್ಯಾ ಆರ್ಟ್ ಆರ್ಕೈವ್‌ನವರು ಅವರ ಸಂಗ್ರಹವನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್‌ನಲ್ಲಿ ಇಟ್ಟಿದ್ದಾರೆ. ದುಡ್ಡಿಲ್ಲದೆ ನೋಡಬಹುದು.

ಹುರ್ಮುಂಜಿ (ತದಡಿ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೌದು, ಬೋಟಿನ ಒಂದು ಕೆಲಸವೂ ಫೈಲಿನಲ್ಲಿ ಇಲ್ಲ. ಸೂರ್ಯಾಸ್ತ ಇದೆ. ಎರಡು ಇವೆ.

ಅಪ್ಪನಿಗೆ ಓದಿ ಹೇಳಿದೆ. ನಕ್ಕರು. "ಪ್ರತಿ ಮಳೆಗಾಲ ಕೆರೆದು ಬೇರೆ ಬರೆಯೋದು, ಅದರಲ್ಲಿ ಎಂತ ಇತಿಹಾಸ?" ಅಂದರು. ನನಗೂ ಅದೇ ಅನುಮಾನ. ಜೂನ್ ಜುಲೈ ಮೀನುಗಾರಿಕೆ ಬಂದ್ ಇದ್ದಾಗ ಬೋಟ್ ಮೇಲೆಳೆದು, ಹಳೆ ಬಣ್ಣ ಕೆರೆದು, ಹೊಸದು ಹೊಡೆಯುತ್ತಾರೆ. ಮಾಲೀಕ ಬದಲಾದರೆ ಹೆಸರೂ ಬದಲು. ಉಳಿಯೋದು ಏನೂ ಇಲ್ಲ. ಕಾವಿಗಾದರೆ ಗೋಡೆ ಇದೆ, ದೇವಸ್ಥಾನ ಇದೆ. ಇಂಥ ವಿಷಯ ತಗೊಂಡು ಹೋದರೆ ಸಂದರ್ಶನದಲ್ಲಿ ನಗುವುದಿಲ್ವಾ?

ಇನ್ನೊಂದು ವಿಷಯ. ನನ್ನ ಇಂಗ್ಲಿಷ್ ಪ್ರಶ್ನೆಗೆ ಯಾರೂ ಉತ್ತರ ಹೇಳಲಿಲ್ಲ.

ಶರಾವತಿ ಆಚೆ (ಹೊನ್ನಾವರ, ಈಗ ಅಮೆರಿಕ)

ನಾನು ಸ್ವಲ್ಪ ಮಸಿಗೈ ಅವರ ವಿರುದ್ಧ. ಬೋಟಿನ ಅಕ್ಷರ ಸ್ಟುಡಿಯೋಗೆ ಬಂಗಾರದ ವಿಷಯ, ಒಪ್ಪಿದೆ. ಆದರೆ ಕಲಾ ಇತಿಹಾಸದ ಮೊದಲ ಪ್ರಬಂಧಕ್ಕೆ ದಾಖಲೆ ಇರುವ ವಿಷಯವೇ ಸುರಕ್ಷಿತ. ಕಾವಿ ಇರಲಿ, ಭಟ್ಕಳದ ಖೇತಪೈ ನಾರಾಯಣ ಗುಡಿಯ ಕೆತ್ತನೆ ಇರಲಿ, ಗೇರುಸೊಪ್ಪೆಯ ಚತುರ್ಮುಖ ಬಸದಿ ಇರಲಿ. ಹಿಂದಿನವರು ಬರೆದದ್ದು ಇರುತ್ತದೆ, ಅದರ ಜೊತೆ ಜಗಳ ಮಾಡುತ್ತಾ ಬರೆಯೋದನ್ನು ಕಲಿಯಬಹುದು. ಏನೂ ಇಲ್ಲದ ಕಡೆ ಶುರು ಮಾಡಿದರೆ ಎರಡು ವರ್ಷ ಬರೀ ಸಾಮಗ್ರಿ ಒಟ್ಟು ಮಾಡುವುದರಲ್ಲೇ ಹೋಗುತ್ತದೆ.

ಮಸಿಗೈ (ಕಾರವಾರ)

ಶರಾವತಿಯವರ ಮಾತು ಸರಿ ಇದೆ. ನನ್ನ ಸಲಹೆಯೂ ಅದೇ ಕಡೆ ಬಂದು ನಿಲ್ಲುತ್ತದೆ. ಹುರ್ಮುಂಜಿ, ನೀವು ಸ್ಟುಡಿಯೋಗೆ ಹೋಗಿ, ಪ್ರಿಂಟ್‌ಮೇಕಿಂಗ್‌ಗೆ, ಕಲಾ ಇತಿಹಾಸ ಪಕ್ಕದಲ್ಲೇ ಇರುವ ಕಡೆ. ಬೋಟು ನಿಮ್ಮ ಕೆಲಸ ಆಗಲಿ. ಕಾವಿ ನಿಮ್ಮ ಬರವಣಿಗೆ ಆಗಲಿ. ಎಂವಿಎಯಲ್ಲೂ ಪ್ರಬಂಧ ಬರೆಸುತ್ತಾರೆ. ಆಮೇಲೂ ಬರೆಯುವ ಹುಚ್ಚು ಹಾಗೇ ಇದ್ದರೆ ಪಿಎಚ್‌ಡಿಯನ್ನು ಕಲಾ ಇತಿಹಾಸದಲ್ಲಿ ಮಾಡಬಹುದು. ಮೊದಲು ಇತಿಹಾಸ ಓದಿ ಆಮೇಲೆ ಪ್ರೆಸ್‌ಗೆ ಬಂದವರನ್ನೂ ನೋಡಿದ್ದೇನೆ, ಅದು ಕಷ್ಟ. ಕೈ ತಣ್ಣಗಾಗಿರುತ್ತದೆ.

ಉಳಿಯುವುದಿಲ್ಲ ಅಂದಿರಲ್ಲ, ಅಪ್ಪನಿಗೆ ಹೇಳಿ. ಪ್ರತಿ ವರ್ಷ ಅಳಿಸುವುದರಿಂದಲೇ ಯಾರಾದರೂ ಫೋಟೋ ತೆಗೆಯಬೇಕು. ಇದೇ ಜೂನ್‌ನಲ್ಲಿ ಬೋಟ್‌ಗಳು ಮೇಲೆ ಬರುತ್ತವೆ. ಕೆರೆಯುವ ಮೊದಲು ಒಂದು, ಕೆರೆದಾಗ ಒಂದು, ಹೊಸದು ಬರೆದ ಮೇಲೆ ಒಂದು. ಕೆರೆದ ಹಲಗೆಯಲ್ಲಿ ಹಿಂದಿನ ಹಿಂದಿನ ವರ್ಷಗಳ ಬಣ್ಣ ಪದರ ಪದರವಾಗಿ ಕಾಣುತ್ತದಲ್ಲ, ಅದರ ಮೇಲೆ ತೆಳು ಕಾಗದ ಇಟ್ಟು ಉಜ್ಜಿ ಅಚ್ಚು ತೆಗೆಯಿರಿ. ಬಿಳಿ ಮೇಣದ ಕಡ್ಡಿಯಲ್ಲಿ ಬೇಡ, ಕಪ್ಪು ಕ್ರೇಯಾನ್‌ನಲ್ಲಿ. ಅದು ಪ್ರಿಂಟೂ ಆಯ್ತು, ದಾಖಲೆಯೂ ಆಯ್ತು. ಸಂದರ್ಶನದಲ್ಲಿ ಯಾರು ನಗುತ್ತಾರೆ ನೋಡುತ್ತೇನೆ.

ಇಂಗ್ಲಿಷ್. ಸಂದರ್ಶನದಲ್ಲಿ ನಿಮ್ಮ ಇಂಗ್ಲಿಷ್ ಮುರುಕಾಗಿದ್ದರೆ ಸ್ಟುಡಿಯೋದವರು ತಲೆ ಕೆಡಿಸಿಕೊಳ್ಳುವುದು ಕಡಿಮೆ. ಕೆಲಸ ಮುಂದೆ ಇರುತ್ತದೆ, ಬೆರಳು ತೋರಿಸಿ ಮಾತಾಡಬಹುದು. ಕಲಾ ಇತಿಹಾಸದಲ್ಲಿ ಅದು ನಿಜವಾದ ತೊಂದರೆ, ಓದುವುದೆಲ್ಲ ಇಂಗ್ಲಿಷ್‌ನಲ್ಲೇ ಇರುವುದರಿಂದ. ಎರಡು ವರ್ಷ ಅದಕ್ಕೂ ಸಿಗುತ್ತದೆ ನಿಮಗೆ. ಬೆಂಗಳೂರಿನ ಮ್ಯಾಪ್ ಮ್ಯೂಸಿಯಂನವರ ಅಕಾಡೆಮಿ ಭಾರತೀಯ ಕಲೆಯ ವಿಶ್ವಕೋಶವನ್ನು ಉಚಿತವಾಗಿ ಇಂಟರ್ನೆಟ್‌ನಲ್ಲಿ ಇಟ್ಟಿದೆ. ಸಣ್ಣ ಸಣ್ಣ ಲೇಖನಗಳು, ಸುಲಭದ ಇಂಗ್ಲಿಷ್. ದಿನಕ್ಕೊಂದು ಓದಿ. ಅರ್ಜಿಯ ಜೊತೆ ಕೊಡುವ ಹೇಳಿಕೆಯನ್ನು ಮೊದಲು ಕನ್ನಡದಲ್ಲೇ ಬರೆಯಿರಿ, ಒಂದು ಪುಟ. "ಬಾಲ್ಯದಿಂದಲೂ ಕಲೆಯಲ್ಲಿ ಆಸಕ್ತಿ" ಅಂತ ಶುರು ಮಾಡಿದರೆ ನಾನೇ ಹರಿದು ಹಾಕುತ್ತೇನೆ. ಮೊದಲ ವಾಕ್ಯದಲ್ಲಿ ಬೋಟ್ ಬರಲಿ.

ದುಡ್ಡಿಗೆ ಒಂದು. ಕೇಂದ್ರ ಸಂಸ್ಕೃತಿ ಇಲಾಖೆಯ ಯುವ ಕಲಾವಿದರ ಸ್ಕಾಲರ್‌ಶಿಪ್ 18ರಿಂದ 25 ವರ್ಷದವರಿಗೆ. ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ದೃಶ್ಯಕಲೆಗೂ ಇದೆ. ನಿಮಗೆ 23, ಈಗಲೇ ಹಾಕಿ. 25 ದಾಟಿದ ಮೇಲೆ ಜೂನಿಯರ್ ಫೆಲೋಶಿಪ್ ನೋಡಬಹುದು, ತಿಂಗಳಿಗೆ 10,000.

ಅಡಿಕೆ ಸಿಪ್ಪೆ (ಶಿರಸಿ)

ಈ ಸ್ಕಾಲರ್‌ಶಿಪ್ ವಿಷಯ ನನ್ನ ತಮ್ಮನಿಗೆ ಯಾರೂ ಹೇಳಲೇ ಇಲ್ಲ. ಅವನಿಗೆ 29. ಫೆಲೋಶಿಪ್‌ಗೆ ಆಗ್ತದಲ್ಲ?

ಮಸಿಗೈ (ಕಾರವಾರ)

40ರವರೆಗೆ ಇದೆ. ಹಾಕಿಸಿ.

ಹುರ್ಮುಂಜಿ (ತದಡಿ)

ಮೇಡಂ, ಉಜ್ಜಿ ಅಚ್ಚು ತೆಗೆಯಲಿಕ್ಕೆ ಯಾವ ಕಾಗದ? ಇಲ್ಲಿ ಅಂಗಡಿಯಲ್ಲಿ ಡ್ರಾಯಿಂಗ್ ಶೀಟ್ ಮಾತ್ರ ಸಿಗೋದು.

ಮಸಿಗೈ (ಕಾರವಾರ)

ಡ್ರಾಯಿಂಗ್ ಶೀಟ್ ದಪ್ಪ ಆಯ್ತು. ಬಟ್ಟೆ ಅಂಗಡಿಯಲ್ಲಿ ಸೀರೆ ಮಡಿಕೆ ನಡುವೆ ಇಡುತ್ತಾರಲ್ಲ, ಆ ತೆಳು ಕಾಗದ ಕೇಳಿ ನೋಡಿ. ಹರಿಯದೆ ನಿಂತರೆ ಅದೇ ಸಾಕು. ಇಲ್ಲವಾದರೆ ನನ್ನ ಹತ್ತಿರ ನೇಪಾಳಿ ಕಾಗದ ಇದೆ, ಕಾರವಾರಕ್ಕೆ ಬಂದಾಗ ಒಯ್ಯಿರಿ. ಹಲಗೆ ಒಣಗಿರಬೇಕು, ಉಪ್ಪು ಒರೆಸಿರಬೇಕು. ಅಪ್ಪನನ್ನು ಕೇಳಿ, ಎಷ್ಟು ದಿನ ಒಣಗಿಸಬೇಕು ಅಂತ ಅವರಿಗೇ ಚೆನ್ನಾಗಿ ಗೊತ್ತು.